ಎರಡು ಬಿಡಾರಗಳ ನಡುವೆ ನಾನು ಹೇಳಿದ ಸುಳ್ಳುಗಳು

ಶಕ್ತಿನಗರದ ನಮ್ಮ ಫ್ಲ್ಯಾಟಿನ ಎದುರು ಮನೆಗೆ ಉತ್ತರದ ಕಡೆಯ ಒಂದು ಸಂಸಾರ ಬಂದು ಎರಡು ತಿಂಗಳಾಯಿತು. ಕಳೆದ ವಾರ ಬೆಳಿಗ್ಗೆ ಆ ಮನೆಯಿಂದ ಗೋಧಿಹಿಟ್ಟನ್ನು ತುಪ್ಪದಲ್ಲಿ ಹುರಿಯುವ ವಾಸನೆ ಬಂತು. ರವೆ ಹುರಿಯುವ ವಾಸನೆ ಬೇರೆ, ಇದು ಬೇರೆ. ಹಿಟ್ಟು ಕೆಂಪಗಾಗಿ ಇನ್ನೇನು ಸೀಯುತ್ತದೆ ಎನ್ನುವಾಗ ಸಕ್ಕರೆ ನೀರು ಸುರಿದರೆ ಚೊಯ್ಯೆಂದು ಏಳುವ ಆವಿಯ ವಾಸನೆ ಅದು. ಕೈಯಲ್ಲಿದ್ದ ಪೇಪರನ್ನು ಮಡಚಿಟ್ಟು ಕುಳಿತೆ. ಸಂತೋಷದ ನೆನಪಾಗಿದ್ದರೆ ಎದ್ದು ಹೋಗಿ ಆ ಮನೆಯ ಹೆಂಗಸನ್ನು ಮಾತಾಡಿಸಿ ಬರುತ್ತಿದ್ದೆನೇನೋ. ನನಗೆ ಬಂದದ್ದು ಸಿಟ್ಟು. ಎಪ್ಪತ್ತೈದು ದಾಟಿದ ಮೇಲೂ ಆರದ ಸಿಟ್ಟು. ಅದರಲ್ಲಿ ಮುಕ್ಕಾಲು ಪಾಲು ನನ್ನ ಮೇಲೆಯೇ.

ಎರಡನೇ ಮಹಾಯುದ್ಧ ಮುಗಿಯುವ ಮೊದಲಿನ ಒಂದು ಮಳೆಗಾಲದ ಮಾತಿದು. ಆಗ ನಾವು ಕುದ್ರೋಳಿಯಲ್ಲಿದ್ದೆವು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮುಂದಿನ ದೊಡ್ಡ ಮನೆಗೆ ನಡುವೆ ಹಲಗೆಯ ಗೋಡೆ ಹೊಡೆಸಿ ಎರಡು ಬಿಡಾರ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಅಂಗಳದ ಹಿಂದಿನ ಸಣ್ಣ ಮನೆಯಲ್ಲಿ ಅಮ್ಮ ಮತ್ತು ನಾನು. ಎರಡೂ ಬಿಡಾರಕ್ಕೆ ಜಗಲಿ ಒಂದೇ, ಬಾವಿಯೂ ಒಂದೇ. ನಾನು ಹತ್ತಿರದ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ. ವಯಸ್ಸು ಇಪ್ಪತ್ಮೂರು. ಆ ಕಾಲದಲ್ಲಿ ಹಿಂದಿ ಕಲಿಯುವುದೆಂದರೆ ನಮಗೆ ದೇಶಸೇವೆ. ಸಂಜೆಯ ತರಗತಿಗೆ ಹೋಗಿ ಮೂರು ಪರೀಕ್ಷೆ ಪಾಸು ಮಾಡಿದ್ದೆ. ಓಣಿಯಲ್ಲಿ ಹಿಂದಿ ಬರುವವಳು ನಾನೊಬ್ಬಳೇ ಎಂಬ ಜಂಬ ನನಗಿತ್ತು.

ಒಂದು ಬಿಡಾರದಲ್ಲಿ ಮೊಯಿದ್ದೀನ್ ಬ್ಯಾರಿ ಮತ್ತು ಅವರ ಹೆಂಡತಿ ಐಸಮ್ಮ ಎಂಟು ವರ್ಷದಿಂದ ಇದ್ದರು. ಬ್ಯಾರಿಯವರಿಗೆ ಬಂದರಿನಲ್ಲಿ ಒಣಮೀನಿನ ವ್ಯಾಪಾರ. ಹೆಣ್ಣುಮಕ್ಕಳೆಲ್ಲ ಮದುವೆಯಾಗಿ ಹೋಗಿದ್ದರು. ಐವತ್ತು ದಾಟಿದ ಐಸಮ್ಮ ಹೆರಿಗೆ ಮಾಡಿಸುವುದರಲ್ಲಿ ಎತ್ತಿದ ಕೈ. ಓಣಿಯ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡವರು ಅವರೇ. ನಾವೆಲ್ಲ ಅವರನ್ನು ಐಸಕ್ಕ ಎನ್ನುತ್ತಿದ್ದೆವು. ನಮ್ಮ ಮಾತೆಲ್ಲ ತುಳುವಿನಲ್ಲಿ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಇನ್ನೊಂದು ಬಿಡಾರ ಖಾಲಿಯಿತ್ತು. ಜೂನ್ ತಿಂಗಳ ಮೊದಲ ಮಳೆ ಹಿಡಿದ ವಾರ ಅಲ್ಲಿಗೆ ಲಾಭ ಸಿಂಗ್ ಎಂಬ ಸಿಖ್ ಫಿಟ್ಟರ್ ಬಂದ. ಬಂದರಿನಲ್ಲಿ ಮಿಲಿಟರಿಗೆ ಸಾಮಾನು ಸಾಗಿಸುವ ದೋಣಿ, ಲಾರಿಗಳ ಎಂಜಿನ್ ರಿಪೇರಿಗೆ ಒಬ್ಬ ಕಂಟ್ರಾಕ್ಟರು ಅವನನ್ನು ಪಂಜಾಬಿನಿಂದ ಕರೆಸಿಕೊಂಡಿದ್ದ. ಜತೆಯಲ್ಲಿ ಹೆಂಡತಿ ಬಸಂತ ಕೌರ್. ನನ್ನದೇ ವಯಸ್ಸು, ಆರು ತಿಂಗಳ ಬಸುರಿ. ಎರಡು ಹೆರಿಗೆ ಹಾಳಾಗಿದ್ದವು. ಇದಾದರೂ ಗಂಡನ ಕಣ್ಣೆದುರೇ ಆಗಲಿ ಎಂದು ಹಟ ಹಿಡಿದು ಬಂದಿದ್ದಳಂತೆ.

ಅವರಿಗೆ ನಮ್ಮ ಮಳೆ ಶತ್ರುವಾಯಿತು. ಲಾಭ ಸಿಂಗನ ಐದಾರು ಗಜದ ಪೇಟದ ಬಟ್ಟೆಗಳು ಜಗಲಿಯ ಉದ್ದಕ್ಕೂ ಹಗ್ಗದಲ್ಲಿ ತೂಗಿ, ಮೂರು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತಿದ್ದವು. ಕೂದಲು ಕತ್ತರಿಸದ ಜನ. ಮಿಂದ ಮೇಲೆ ಬಸಂತ ಕೌರ್ ಮೊಣಕಾಲಿನ ತನಕದ ಕೂದಲನ್ನು ಒಲೆಯ ಮುಂದೆ ಹರಡಿ ಕುಳಿತಿರುತ್ತಿದ್ದಳು. ರೇಶನ್ನಿನ ಕುಚ್ಚಲಕ್ಕಿ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗೋಧಿಗಾಗಿ ಲಾಭ ಸಿಂಗ್ ಮಿಲಿಟರಿಯವರ ಬೆನ್ನು ಹತ್ತಿದ್ದ. ಅವಳ ಮಾತಿನಲ್ಲಿ ಪಂಜಾಬಿಯೇ ಹೆಚ್ಚು. ನನ್ನ ಪುಸ್ತಕದ ಹಿಂದಿಗೆ ಅದರಲ್ಲಿ ಅರ್ಧ ತಿಳಿಯುತ್ತಿತ್ತು. ಆದರೂ ಅಂಗಳದಲ್ಲಿ ಯಾರು ಬಾಯಿ ತೆರೆದರೂ ನನ್ನನ್ನೇ ಕರೆಯಬೇಕು. ಶಾಲೆಯಿಂದ ನೆನೆದು ಬಂದು ಕಾಪಿ ಪುಸ್ತಕಗಳನ್ನು ಬಿಚ್ಚುವಷ್ಟರಲ್ಲಿ ಎರಡೂ ಕಡೆಯಿಂದ ಕರೆ ಬರುತ್ತಿತ್ತು.

ಮೊದಲು ಬಂದದ್ದು ಬೀಡಿಯ ತಂಟೆ. ಬ್ಯಾರಿಯವರು ಜಗಲಿಯಲ್ಲಿ ಕುಳಿತು ಬೀಡಿ ಸೇದುತ್ತಿದ್ದರು. ಹೊಗೆ ಹಲಗೆಯ ಸಂದಿಯಿಂದ ಆಚೆಗೆ, ಸಿಖ್ಖರು ಪ್ರಾರ್ಥನೆಯ ಪುಸ್ತಕವನ್ನು ರೇಶ್ಮೆಯಲ್ಲಿ ಸುತ್ತಿ ಎತ್ತರದ ಮಣೆಯ ಮೇಲಿಟ್ಟಿದ್ದ ಕೋಣೆಗೆ ಹೋಗುತ್ತಿತ್ತು. ತಂಬಾಕು ಅವರ ಧರ್ಮಕ್ಕೆ ವಿರುದ್ಧ.

"ನಮ್ಮ ಗುರುವಿನ ವಾಣಿ ಇರುವ ಕಡೆಗೆ ಹೊಗೆ ಬರುವುದು ನನಗೆ ಸಹಿಸಲಾಗದು ಎಂದು ಅವರಿಗೆ ಹೇಳಿ, ಬೆಹೆನ್‌ಜೀ," ಎಂದ ಲಾಭ ಸಿಂಗ್. ಮಿತಮಾತಿನ ಮನುಷ್ಯ. ಗಟ್ಟಿಯಾಗಿ ಹೇಳಲಿಲ್ಲ, ಆದರೆ ಮುಖ ಕೆಂಪಾಗಿತ್ತು.

ಹಿರಿಯರಿಗೆ ಹೀಗೆ ಹೇಳುವುದು ಹೇಗೆ? ನಾನು ಬ್ಯಾರಿಯವರ ಹತ್ತಿರ ಹೋಗಿ, "ಆ ಸಿಂಗರಿಗೆ ದಮ್ಮು ಉಂಟಂತೆ. ಹೊಗೆ ಆಗುವುದಿಲ್ಲವಂತೆ," ಎಂದೆ.

"ಪಾಪ, ಅಷ್ಟು ದೊಡ್ಡ ಆಳಿಗೆ ದಮ್ಮಾ," ಎಂದು ಬ್ಯಾರಿಯವರು ಅಂದಿನಿಂದ ಹಲಸಿನ ಮರದ ಕೆಳಗೆ ಕೊಡೆ ಹಿಡಿದು ನಿಂತು ಸೇದತೊಡಗಿದರು. ಮಾತ್ರವಲ್ಲ, ಆಡುಸೋಗೆಯ ಕಷಾಯ ಕಾಯಿಸಿ ಕಳಿಸಿದರು. ಲಾಭ ಸಿಂಗ್ ಅದನ್ನು ಮರ್ಯಾದೆಗೆ ಕುಡಿದು ಮುಖ ಹಿಂಡಿದ. ಎಷ್ಟು ಸುಲಭ ಎಂದುಕೊಂಡೆ ನಾನು. ಸ್ವಲ್ಪ ತಿರುಗಿಸಿ ಹೇಳಿದರೆ ಲೋಕದ ಜಗಳವೆಲ್ಲ ಮುಗಿಯುತ್ತದೆ. ಆ ದಿನ ಆ ಉಪಾಯ ಕೆಲಸ ಮಾಡದಿದ್ದರೆ ಚೆನ್ನಾಗಿತ್ತು.

ಆಮೇಲಿನದ್ದು ಬೆಳಗಿನ ಪ್ರಾರ್ಥನೆಯ ಸಂಗತಿ. ಬಸಂತ ಕೌರ್ ನಸುಕಿಗೆ ಎದ್ದು ಮಿಂದು ತಲೆಗೆ ದುಪಟ್ಟಾ ಹೊದ್ದು ದನಿ ತೆರೆದು ಓದುತ್ತಿದ್ದಳು. ಅದೇ ಹೊತ್ತಿಗೆ ಹಲಗೆಯ ಈಚೆ ಐಸಕ್ಕ ಸುಬಹಿಯ ನಮಾಜಿಗೆ ಚಾಪೆ ಹಾಸುತ್ತಿದ್ದರು.

"ಅವಳು ಅಷ್ಟು ಜೋರಾಗಿ ಓದಿದ್ರೆ ನನಗೆ ಎಷ್ಟು ಸಲ ಬಗ್ಗಿದೆ ಅಂತ ಮರೆತು ಹೋಗ್ತದೆ," ಎಂದರು ಐಸಕ್ಕ. "ಮೆಲ್ಲ ಓದ್ಲಿಕ್ಕೆ ಹೇಳಿ ಟೀಚರೆ. ದೇವರಿಗೆ ಕಿವಿ ಕೇಳುದಿಲ್ವಾ?"

ಬಸಂತ ಕೌರ್ ಹೇಳಿದಳು, "ಹೆಸರು ಎಲ್ಲರ ಕಿವಿಗೆ ಬೀಳಲಿ ಎಂದೇ ಓದುವುದು. ಕಳ್ಳಿಯ ಹಾಗೆ ಬಾಯೊಳಗೆ ಯಾಕೆ ಓದಲಿ?"

ನಾನು ಈಕೆಗೆ "ಐಸಕ್ಕನಿಗೆ ನಿಮ್ಮ ಸ್ವರ ಬಹಳ ಇಷ್ಟವಂತೆ, ಸ್ವಲ್ಪ ಮೆಲ್ಲಗಾದರೆ ಇನ್ನೂ ಚೆಂದವಂತೆ" ಎಂದೆ. ಐಸಕ್ಕನಿಗೆ "ಇನ್ನು ಮೆಲ್ಲ ಓದ್ತಾಳಂತೆ" ಎಂದೆ. ಸ್ವರ ಇಷ್ಟವೆಂದು ಕೇಳಿ ಮರುದಿನ ಬಸಂತ ಕೌರ್ ಇನ್ನೂ ಒಂದು ಪಟ್ಟು ಜೋರಾಗಿ ಓದಿದಳು.

ನನಗೆ ರೇಗಿಹೋಯಿತು. ಎಂಥ ಜನರಪ್ಪ ಇವರು ಎನಿಸಿತು. ಇಬ್ಬರಿಗೂ ದೇವರು ಒಬ್ಬನೇ. ಇಬ್ಬರ ಮನೆಯಲ್ಲೂ ವಿಗ್ರಹವಿಲ್ಲ. ಇಬ್ಬರೂ ಕೈಕಾಲು ತೊಳೆದು ತಲೆ ಮುಚ್ಚಿಕೊಂಡೇ ಕೂರುತ್ತಾರೆ. ನಮ್ಮಂತೆ ಮೂವತ್ಮೂರು ಕೋಟಿ ದೇವರ ತಾಪತ್ರಯವೂ ಇಲ್ಲ. ಮತ್ತೆ ಜಗಳ ಯಾತಕ್ಕೆ? ಇದನ್ನು ಬಾವಿಕಟ್ಟೆಯಲ್ಲಿ ಇಬ್ಬರ ಎದುರಿಗೂ ಪಾಠದ ಧಾಟಿಯಲ್ಲಿ ಹೇಳಿಯೂಬಿಟ್ಟೆ.

ಐಸಕ್ಕ ಕೊಡಪಾನ ಕೆಳಗಿಟ್ಟರು. "ಅದು ಹೇಗೆ ಒಂದೇ ಆಗ್ತದೆ? ನಾವೂ ಕುರಾನನ್ನು ಎತ್ತರದಲ್ಲಿ ಇಡ್ತೇವೆ. ಶುದ್ಧ ಇಲ್ಲದೆ ಮುಟ್ಟುದಿಲ್ಲ. ಆದ್ರೆ ಹಣೆ ನೆಲಕ್ಕೆ ಮುಟ್ಟಿಸುದು ಅಲ್ಲಾಹನಿಗೆ ಮಾತ್ರ. ಅವಳು ಪುಸ್ತಕಕ್ಕೆ ಹಣೆ ಮುಟ್ಟಿಸ್ತಾಳೆ. ನಾನು ನೋಡಿದ್ದೇನೆ."

ಬಸಂತ ಕೌರಳಿಗೂ ಅಷ್ಟೇ ಬೇಸರ. "ಅದು ಬರೀ ಪುಸ್ತಕವಲ್ಲ, ನಮ್ಮ ಗುರು. ಇವರು ನಮಾಜಿಗೆ ಒಂದೇ ದಿಕ್ಕಿಗೆ ತಿರುಗಿ ನಿಲ್ಲುತ್ತಾರೆ. ದೇವರಿಲ್ಲದ ದಿಕ್ಕು ಯಾವುದು ಹೇಳಿ. ನಮ್ಮ ಗುರುಗಳನ್ನು ದಿಲ್ಲಿಯ ಬಾದಶಹರು ಕೊಂದರು. ಆ ಕಥೆ ಕೇಳುತ್ತ ಬೆಳೆದವಳು ನಾನು. ಒಂದೇ ಎಂದು ನೀವು ಹೇಳಿದರೆ ಆಯಿತೇ?"

ಬಾದಶಹನ ಮಾತನ್ನು ಮಾತ್ರ ಹೇಗೋ ತುಳುವಿಗೆ ತಂದೆ. ಐಸಕ್ಕ ಕಣ್ಣರಳಿಸಿ, "ಯಾವ ಬಾದಶಹ? ಅವನು ನಮ್ಮ ಬಂದರಿಗೆ ಬಂದವನಾ? ನಾನೆಂತ ಮಾಡಿದ್ದೇನೆ ಇವಳಿಗೆ?" ಎಂದರು. ಇದನ್ನು ನಾನು ಬಸಂತ ಕೌರಳಿಗೆ ಹೇಳಲಿಲ್ಲ. "ಪಾಪ, ಕೇಳಿ ದುಃಖವಾಯಿತಂತೆ" ಎಂದೆ.

ಸಂಕ್ರಮಣದ ದಿನ ಬಸಂತ ಕೌರ್ ಕೂಡಿಟ್ಟ ಗೋಧಿಹಿಟ್ಟು ತೆಗೆದು ತುಪ್ಪದಲ್ಲಿ ಹುರಿದು ಕಡಾಹ್ ಪ್ರಸಾದ ಮಾಡಿದಳು. ಹೊಸ ತಿಂಗಳು ಹುಟ್ಟುವ ದಿನ ಅವರಲ್ಲಿ ವಿಶೇಷ. ಪುಸ್ತಕದ ಮುಂದಿಟ್ಟು ನಿಂತು ಪ್ರಾರ್ಥನೆ ಮಾಡಿ, ಒಂದು ಬಟ್ಟಲು ನಮಗೆ, ಒಂದು ಬಟ್ಟಲು ಐಸಕ್ಕನಿಗೆ ಕೊಟ್ಟಳು. ನನ್ನ ಕೈಯಲ್ಲೇ ಕಳಿಸಿದಳು. ಐಸಕ್ಕ ಮೂಸಿ ನೋಡಿದರು. ಅವರಿಗೆ ಸಿಹಿಯೆಂದರೆ ಪ್ರಾಣ.

"ಇದು ಅವರ ಪುಸ್ತಕದ ಎದುರು ಇಟ್ಟದ್ದಾ ಟೀಚರೆ? ಇಟ್ಟದ್ದಾದ್ರೆ ನನಗೆ ಆಗುದಿಲ್ಲ. ನಿಮ್ಮ ದೇವಸ್ಥಾನದ್ದೂ ನಾನು ತಿನ್ನುದಿಲ್ಲ, ನಿಮ್ಮಮ್ಮನಿಗೆ ಗೊತ್ತುಂಟು."

ಗೊತ್ತಿತ್ತು. ಎಂಟು ವರ್ಷದಲ್ಲಿ ಅಮ್ಮ ಒಮ್ಮೆಯೂ ಅವರಿಗೆ ಪಂಚಕಜ್ಜಾಯ ಕೊಟ್ಟವರಲ್ಲ. ಬಾಳೆಗೊನೆಯಿಂದ ಎರಡು ಚಿಪ್ಪು ಕಿತ್ತು ಕೊಡುತ್ತಿದ್ದರು, ಅಷ್ಟೇ. ಅಕ್ಷರ ಕಲಿಯದ ಅಮ್ಮನಿಗಿದ್ದ ಬುದ್ಧಿ ಮೂರು ಪರೀಕ್ಷೆ ಪಾಸಾದ ನನಗಿರಲಿಲ್ಲ.

"ಇಲ್ಲ ಐಸಕ್ಕ, ಬರೀ ಸಿಹಿ," ಎಂದೆ.

ಅವರು ಬಟ್ಟಲು ಬರಿದಾಗುವ ತನಕ ತಿಂದರು. ಬೆರಳಿಗೆ ಅಂಟಿದ ತುಪ್ಪವನ್ನು ಮುಂಗೈಗೆ ಸವರಿಕೊಂಡರು. ನಾನು ಎದುರಿಗೇ ಕುಳಿತು ನೋಡುತ್ತಿದ್ದೆ. ಒಳ್ಳೆಯ ಕೆಲಸ ಮಾಡಿದೆನೆಂದೇ ಅನಿಸಿತ್ತು.

ಜಡಿಮಳೆಯ ಆಟಿ ತಿಂಗಳು ಕಳೆದು, ಆಗಸ್ಟಿನ ನಡುವಿಗೆ ಸೋಣ ತಿಂಗಳು ಬಂತು. ಆ ವರ್ಷ ರಂಜಾನ್ ಉಪವಾಸವೂ ಆಗಲೇ. ಮಳೆ ಮಾತ್ರ ಆಟಿಯದ್ದೇ. ನೀರು ನಿಂತು ಶಾಲೆಗೆ ರಜೆ ಕೊಟ್ಟ ಒಂದು ದಿನ, ಹೊತ್ತು ನೆತ್ತಿಗೇರುವಾಗ ಬಸಂತ ಕೌರಳಿಗೆ ನೋವು ಶುರುವಾಯಿತು. ಲೆಕ್ಕಕ್ಕಿಂತ ಎರಡು ವಾರ ಮೊದಲು. ಲಾಭ ಸಿಂಗ್ ಹೊಳೆಯಾಚೆ ಕೆಟ್ಟು ನಿಂತ ದೋಣಿಯ ಕೆಲಸಕ್ಕೆ ಹೋಗಿದ್ದ. ಆಸ್ಪತ್ರೆಗೆ ಸಾಗಿಸಲು ಕುದುರೆಗಾಡಿ ಹುಡುಕಿಕೊಂಡು ಹೋದರೆ ರಸ್ತೆಯಲ್ಲಿ ಸೊಂಟದ ತನಕ ನೀರು, ಯಾವ ಗಾಡಿಯವನೂ ಬರಲೊಪ್ಪಲಿಲ್ಲ.

ನಾನು ಹಿಂದೆ ಬರುವಷ್ಟರಲ್ಲಿ ಯಾರೂ ಕರೆಯದೆಯೇ ಐಸಕ್ಕ ಆಚೆ ಬಿಡಾರದೊಳಗೆ ಸೆರಗು ಸಿಕ್ಕಿಸಿ ಕುಳಿತಿದ್ದರು. ಉಪವಾಸದಿಂದ ತುಟಿ ಬಿಳಿಚಿತ್ತು.

ಬಸಂತ ಕೌರ್ ಮೈಮೇಲೆ ಪಟ್ಟಿಯಲ್ಲಿ ಕಟ್ಟಿದ ಒಂದು ಸಣ್ಣ ಕೃಪಾಣ ಯಾವಾಗಲೂ ಇರುತ್ತಿತ್ತು. ದೀಕ್ಷೆ ತೆಗೆದುಕೊಂಡವರು ಅದನ್ನು ಕಳಚುವಂತಿಲ್ಲ.

"ಆ ಕತ್ತಿ ತೆಗೀಲಿಕ್ಕೆ ಹೇಳಿ ಟೀಚರೆ. ಹೆರುವಾಗ ಸೊಂಟದಲ್ಲಿ ಎಂತ ಕತ್ತಿ?"

ಹೇಳಿದೆ. ಬಸಂತ ಕೌರ್ ಹಲ್ಲು ಕಚ್ಚಿಕೊಂಡು, "ಜೀವ ಹೋದರೂ ತೆಗೆಯುವುದಿಲ್ಲ," ಎಂದಳು. ತಿರುಗಿಸಿ ಹೇಳಲು ನನಗೆ ಪುರುಸೊತ್ತಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟೆ. ಐಸಕ್ಕ ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ತಾವೇ ಆ ಪಟ್ಟಿಯನ್ನು ಮೇಲೆ ಸರಿಸಿ ಅವಳ ತೋಳಿಗೆ ಬಿಗಿದರು. "ಮೈಮೇಲೆ ಇದ್ರೆ ಆಯ್ತಲ್ಲ. ಇನ್ನು ಮುಕ್ಕಲಿಕ್ಕೆ ಹೇಳಿ."

ನಿಜ ಹೇಳಿದರೂ ಕೆಲಸ ನಡೆಯಿತು. ಆಗಲೇ ನನಗದು ಹೊಳೆಯಬೇಕಿತ್ತು.

ಮೂರು ಗಂಟೆಯ ಹೊತ್ತಿಗೆ ಮಗು ಬಂತು. ಗಂಡು. ಅಳಲಿಲ್ಲ. ಮೈ ನೀಲಿಯಾಗಿತ್ತು. ನಾನು ಬಾಗಿಲಲ್ಲಿ ಬಿಸಿನೀರಿನ ಪಾತ್ರೆ ಹಿಡಿದು ನಿಂತಿದ್ದೆ. ಐಸಕ್ಕ ಬೆರಳು ಹಾಕಿ ಬಾಯಿಯಿಂದ ಲೋಳೆ ತೆಗೆದರು. ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದರು. ಮೂಗು ಬಾಯಿ ಸೇರಿಸಿ ಉಸಿರು ಊದಿದರು. ಏನೂ ಆಗಲಿಲ್ಲ. ಮತ್ತೆ ಊದಿದರು. ಕೊನೆಗೆ ಮಗುವಿನ ಬಲಗಿವಿಗೆ ಬಾಯಿಟ್ಟು, ದೂರ ಹೋಗುತ್ತಿರುವವರನ್ನು ಕರೆಯುವ ಹಾಗೆ, "ಅಲ್ಲಾಹು ಅಕ್ಬರ್" ಎಂದು ಕೂಗಿದರು. ಮತ್ತೊಮ್ಮೆ ಕೂಗಿದರು. ಮೂರನೆಯ ಸಲಕ್ಕೆ ಮಗು ಮುಖ ಕಿವುಚಿ, ಕೆಮ್ಮಿ, ಅತ್ತಿತು.

ಬಸಂತ ಕೌರ್ ಅರೆಗಣ್ಣಿನಲ್ಲಿ ನೋಡಿದ್ದಳು. ಬವಳಿಯಲ್ಲಿ ಮಾತು ಕೇಳಿಸಿರಲಿಲ್ಲ, ತುಟಿ ಆಡಿದ್ದು ಕಂಡಿತ್ತು. "ಕಿವಿಯಲ್ಲಿ ಏನು ಹೇಳಿದರು?" ಎಂದಳು.

"ಏಳು ಮಗುವೇ ಏಳು ಎಂದರು," ಎಂದೆ.

ಸಂಜೆ ಲಾಭ ಸಿಂಗ್ ಓಡಿ ಬಂದ. ಬಂದವನು ಮಗುವನ್ನು ಮುಟ್ಟಲಿಲ್ಲ. ಮೊದಲು ಮಿಂದು, ಒದ್ದೆ ಪೇಟ ಬಿಚ್ಚಿ ಒಣಗಿದ್ದೊಂದನ್ನು ಕಟ್ಟಿಕೊಂಡು, ಬಟ್ಟಲಲ್ಲಿ ನೀರು, ಜೇನು ಕಲಸಿ ತಂದ. ಕೃಪಾಣದ ತುದಿಯಿಂದ ಒಂದು ಹನಿ ಮಗುವಿನ ನಾಲಿಗೆಗೆ ಮುಟ್ಟಿಸಿ ಗುರುವಿನ ಮೂಲಮಂತ್ರ ಹೇಳುವುದು ಅವರ ಕ್ರಮ. ಶುರು ಮಾಡುವ ಮೊದಲು ನನ್ನ ಕಡೆ ತಿರುಗಿದ.

"ಬೆಹೆನ್‌ಜೀ, ಇದುವರೆಗೆ ಇವನ ಕಿವಿಯಲ್ಲಿ ಯಾರಾದರೂ ಏನಾದರೂ ಹೇಳಿದ್ದಾರಾ? ಇವನ ಕಿವಿಗೆ ಮೊದಲು ಬೀಳುವುದು ಗುರುವಿನ ಮಾತಾಗಲಿ ಎಂದು ನಾನು ಹರಸಿಕೊಂಡಿದ್ದೆ. ಎರಡು ಮಕ್ಕಳು ಹೋದ ಮೇಲೆ ಹರಸಿಕೊಂಡದ್ದು."

"ಇಲ್ಲ," ಎಂದೆ. "ಇದುವರೆಗೆ ಬಿದ್ದದ್ದು ಮಳೆಯ ಸದ್ದು ಮಾತ್ರ."

ಆ ವಾಕ್ಯ ನನಗೆ ಚೆಂದ ಕಂಡಿತ್ತು ಎನ್ನುವುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಲಾಭ ಸಿಂಗನ ಕಣ್ಣು ತುಂಬಿದವು. ಅವನು ಕಣ್ಣು ಮುಚ್ಚಿ ಮಂತ್ರ ಹೇಳತೊಡಗಿದ. ಹೊರಗೆ ಬಾವಿಕಟ್ಟೆಯಲ್ಲಿ ಐಸಕ್ಕ ಮೊಣಕೈ ತನಕ ತೊಳೆದುಕೊಂಡು, ಉಪವಾಸ ಬಿಡುವ ಹೊತ್ತಿನ ಬಾಂಗಿನ ಕೂಗಿಗೆ ಕಾಯುತ್ತ ಕುಳಿತಿದ್ದರು. ಇಡೀ ದಿನ ಒಂದು ಗುಟುಕು ನೀರೂ ಅವರ ಗಂಟಲಿಗೆ ಇಳಿದಿರಲಿಲ್ಲ.

ಹೆರಿಗೆಯ ನಂತರ ಇಬ್ಬರು ಹೆಂಗಸರೂ ಹತ್ತಿರವಾದರು. ಐಸಕ್ಕ ದಿನಾ ಹೋಗಿ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುತ್ತಿದ್ದರು. ಮೀಯಿಸುತ್ತ ಮೀಯಿಸುತ್ತ ಅವರಿಗೆ ನಾಲ್ಕು ಹಿಂದಿ ಮಾತು ಬಂತು, ಆಕೆಗೆ ಹತ್ತು ತುಳು ಮಾತು ಬಂತು. ಕರೆ ಬರುವುದು ಕಡಿಮೆಯಾಯಿತೆಂದು ನಾನು ನೆಮ್ಮದಿಯಿಂದ ಕಾಪಿ ತಿದ್ದುತ್ತ ಕುಳಿತೆ. ಅವರಿಬ್ಬರು ನೇರವಾಗಿ ಮಾತಾಡಿದರೆ ನನ್ನ ಗತಿ ಏನಾಗುತ್ತದೆ ಎಂದು ಯೋಚಿಸಲೇ ಇಲ್ಲ.

ರಂಜಾನ್ ಮುಗಿದು ಪೆರ್ನಾಲ್ ಹಬ್ಬ ಬಂತು. ಐಸಕ್ಕ ತುಪ್ಪದನ್ನ, ಆಡಿನ ಮಾಂಸ ಮಾಡಿದ್ದರು. ಆ ಅಭಾವದ ಕಾಲದಲ್ಲಿ ಅಕ್ಕಿ, ತುಪ್ಪ ಹೇಗೆ ಹೊಂದಿಸಿದರೋ. ಮೊದಲ ತಟ್ಟೆ ಬಾಣಂತಿಗೆಂದು ತೆಗೆದಿಟ್ಟು ನನ್ನ ಕೈಯಲ್ಲಿ ಕಳಿಸಿದರು.

ಬಸಂತ ಕೌರ್ ತಟ್ಟೆ ನೋಡಿ ಕೈ ಹಿಂದೆಗೆದಳು. "ಇದು ಕಲ್ಮಾ ಓದಿ ಕುಯ್ದ ಮಾಂಸ. ನಮಗೆ ಅದು ನಿಷಿದ್ಧ, ಬೆಹೆನ್‌ಜೀ. ನಾವು ತಿನ್ನುವುದಾದರೆ ಒಂದೇ ಏಟಿಗೆ ಕಡಿದದ್ದು ಆಗಬೇಕು. ಪ್ರೀತಿಯಿಂದ ಕಳಿಸಿದ್ದಾರೆ, ಗೊತ್ತು. ವಿಷಯ ತಿಳಿಸಿ ಹಿಂದೆ ಕೊಡಿ. ಅವರಿಗೆ ಅರ್ಥವಾಗುತ್ತದೆ."

ಅರ್ಥವಾಗುತ್ತದೆ ಎಂದು ಅವಳಿಗೆ ಅನಿಸಿತ್ತು. ನನಗೆ ಅನಿಸಲಿಲ್ಲ. ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿ ನಮ್ಮ ಮನೆಗೆ ತಂದೆ. ಬ್ಯಾರಿಗಳ ಮನೆಯ ಅನ್ನ ಅಮ್ಮ ಮುಟ್ಟುವವರಲ್ಲ. ಅಮ್ಮನಿಗೆ ಗೊತ್ತಾಗದ ಹಾಗೆ ಸೌದೆ ಕೊಟ್ಟಿಗೆಯಲ್ಲಿ ಕುಳಿತು ನಾನೇ ತಿಂದೆ. ತಟ್ಟೆ ತೊಳೆದು, ಅದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಐಸಕ್ಕನಿಗೆ ಕೊಟ್ಟು, "ಬೆರಳು ಚೀಪಿ ತಿಂದ್ಲು" ಎಂದೆ. ಐಸಕ್ಕನ ಮುಖ ನೋಡಬೇಕಿತ್ತು ನೀವು.

ಮೂರನೆಯ ದಿನ ಶಾಲೆ ಬಿಟ್ಟು ಬಂದಾಗ ಇಬ್ಬರೂ ಜಗಲಿಯಲ್ಲಿ ಕುಳಿತಿದ್ದರು. ಮಗು ಬಸಂತ ಕೌರಳ ಮಡಿಲಲ್ಲಿತ್ತು. ಬ್ಯಾರಿಯವರು ಕಂಬಕ್ಕೊರಗಿ ನಿಂತಿದ್ದರು. ಲಾಭ ಸಿಂಗ್ ಕೆಲಸದಿಂದ ಬೇಗ ಬಂದಿದ್ದ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಯಾರೂ ನನಗೆ ಕೂತುಕೊಳ್ಳಲು ಹೇಳಲಿಲ್ಲ.

ನಡೆದದ್ದು ಇಷ್ಟು. ಮಾಂಸ ರುಚಿಯಿತ್ತಾ ಎಂದು ಐಸಕ್ಕ ತಮ್ಮ ಹರಕು ಹಿಂದಿಯಲ್ಲಿ ಕೇಳಿದ್ದಾರೆ. ತಾನು ಅದನ್ನು ಮುಟ್ಟಿಲ್ಲ, ಟೀಚರ್ ಹತ್ತಿರ ಹಿಂದೆ ಕಳಿಸಿದ್ದೆ ಎಂದು ಅವಳು ಹೇಳಿದ್ದಾಳೆ. ಐಸಕ್ಕನಿಗೆ ಅವಮಾನವಾಗಿ, ನಿನ್ನ ಸಿಹಿಯನ್ನು ನಾನು ತಿನ್ನಲಿಲ್ಲವಾ ಎಂದು ಕೇಳಿದ್ದಾರೆ. ಸಿಹಿಯಲ್ಲ, ಪ್ರಸಾದ ಎಂದಿದ್ದಾಳೆ ಅವಳು. ಅಲ್ಲಿಂದ ಮಾತಿಗೆ ಮಾತು ಬೆಳೆದು, ನಾನು ಅಲ್ಲಾಹನ ಹೆಸರು ಕೂಗಿ ನಿನ್ನ ಮಗುವಿಗೆ ಜೀವ ಬರಿಸಿದೆ ಎಂದು ಐಸಕ್ಕ ಹೇಳಿಬಿಟ್ಟಿದ್ದಾರೆ.

"ನನಗೆ ತಿನ್ನಿಸಿದ್ದು ಪ್ರಸಾದವಾ ಟೀಚರೆ?" ಎಂದು ಕೇಳಿದರು ಐಸಕ್ಕ.

"ಹೌದು."

"ಗೊತ್ತಿದ್ದೂ ತಿನ್ನಿಸಿದ್ದಾ?"

"ನಿಮಗೆ ಬೇಜಾರಾಗ್ಬಾರದು ಅಂತ..."

"ನನಗೆ ಬೇಜಾರಾದ್ರೆ ಎರಡು ದಿನ. ಇದು ನಾನು ಎಲ್ಲಿ ತೊಳೀಲಿ?"

ಐಸಕ್ಕ ಸ್ವರ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರವಾಗುತ್ತಿತ್ತು. ಲಾಭ ಸಿಂಗ್ ನನ್ನನ್ನೇ ನೋಡುತ್ತಿದ್ದ. "ನಾನು ನಿಮ್ಮನ್ನು ಕೇಳಿದೆ," ಎಂದ. "ನನ್ನ ಹರಕೆ ಏನೆಂದು ಹೇಳಿಯೇ ಕೇಳಿದೆ. ಅವರು ಯಾವ ಹೆಸರು ಕರೆದರು ಎಂದು ನೀವು ಹೇಳಿದ್ದರೆ ಒಂದು ದಿನ ಸಂಕಟಪಡುತ್ತಿದ್ದೆ. ಮಗು ಬದುಕಿತಲ್ಲ ಎಂದು ಅವರಿಗೆ ಕೈಮುಗಿಯುತ್ತಿದ್ದೆ. ನೀವು ನನಗೆ ಎರಡಕ್ಕೂ ಅವಕಾಶ ಕೊಡಲಿಲ್ಲ."

"ದೇವರು ಒಬ್ಬನೇ ಅಲ್ಲವೇ, ಭಾಯಿ ಸಾಹೇಬ್..." ಎಂದು ನಾನು ತೊದಲಿದೆ.

"ಅದನ್ನು ನಾನೂ ದಿನಾ ಓದುತ್ತೇನೆ," ಎಂದ ಅವನು. "ನಾನು ನಿಮ್ಮನ್ನು ಅದನ್ನು ಕೇಳಿರಲಿಲ್ಲ."

ಬ್ಯಾರಿಯವರು ಆಗ ಬಾಯಿಬಿಟ್ಟರು. "ಇವರಿಗೆ ದಮ್ಮು ಇಲ್ವಂತಲ್ಲ. ಬೀಡಿ ಬೇಡ ಅಂದಿದ್ರೆ ಆಗ್ಲೇ ನಿಲ್ಲಿಸ್ತಿದ್ದೆ. ಅದಕ್ಕೆ ಸುಳ್ಳು ಎಂತಕ್ಕೆ? ಸುಮ್ಮನೆ ಮಳೆಯಲ್ಲಿ ನಿಲ್ಲಿಸಿದ್ರಿ ಮಾರಾಯ್ತಿ ನೀವು."

ಯಾರಾದರೂ ನಗಬಹುದಿತ್ತು. ಯಾರೂ ನಗಲಿಲ್ಲ. ನನಗೂ ಸಿಟ್ಟು ಬಂತು. ಮೂರು ತಿಂಗಳು ನನ್ನ ಊಟ, ಕೆಲಸ ಬಿಟ್ಟು ನಿಮ್ಮ ನಡುವೆ ಓಡಾಡಿದೆನಲ್ಲ, ಅದು ಏನೂ ಅಲ್ಲವೇ ಎಂದು ಕೂಗಿಕೊಂಡು ನಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಮ್ಮ ಎಲ್ಲ ಕೇಳಿಸಿಕೊಂಡಿದ್ದರು. ಅಕ್ಕಿಯ ಗೆರಸೆಯಿಂದ ತಲೆಯೆತ್ತದೆ, "ಅವರು ನಿನ್ನ ಹತ್ತಿರ ಮಾತು ದಾಟಿಸ್ಲಿಕ್ಕೆ ಹೇಳಿದ್ದು. ಅವರನ್ನು ಸರಿಮಾಡ್ಲಿಕ್ಕೆ ಯಾರು ಹೇಳಿದ್ದು?" ಎಂದರು.

ಅದಾದ ಮೇಲೆ ಬ್ಯಾರಿಯವರು ಹೆಂಡತಿಗೆ, ಇನ್ನು ನಮ್ಮವರದ್ದಲ್ಲದ ಮನೆಗೆ ಹೆರಿಗೆಗೆ ಹೋಗುವುದು ಬೇಡವೆಂದರು. ಎಷ್ಟೋ ತಿಂಗಳು ಐಸಕ್ಕ ಹೋಗಲಿಲ್ಲ. ಓಣಿಯಲ್ಲಿ ದಿನ ತುಂಬಿದವರಿದ್ದರು. ಅವರ ಮನೆಯವರು ಬಂದು ಬರಿಗೈಯಲ್ಲಿ ಹಿಂದಿರುಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ನನ್ನಿಂದಾದದ್ದೆಂದು ಅವರಿಗೆ ಗೊತ್ತಿರಲಿಲ್ಲ.

ಇಬ್ಬರು ಹೆಂಗಸರು ಮಾತು ಬಿಡುತ್ತಾರೆ ಎಂದುಕೊಂಡಿದ್ದೆ. ಬಿಡಲಿಲ್ಲ. ಜಗಳವಾಡಿದರು. ಬಾವಿಕಟ್ಟೆಯಲ್ಲಿ, ಇದ್ದಬದ್ದ ಮಾತುಗಳನ್ನೆಲ್ಲ ಜೋಡಿಸಿ, ಉಳಿದದ್ದಕ್ಕೆ ಕೈ ಮಾಡಿ ತೋರಿಸಿ ಜಗಳವಾಡಿದರು. ಓದುವ ಸ್ವರ ಬಸಂತ ಕೌರ್ ತಗ್ಗಿಸಲಿಲ್ಲ. ಐಸಕ್ಕ ಗೊಣಗುತ್ತ ಚಾಪೆಯನ್ನು ಅಡುಗೆಮನೆಗೆ ಒಯ್ದರು. ತಟ್ಟೆ, ಬಟ್ಟಲುಗಳ ಓಡಾಟ ನಿಂತಿತು. ಆಮೇಲೊಂದು ದಿನ ಐಸಕ್ಕ ಬಂದರಿನಿಂದ ತಂದ ಹಸಿ ಬಂಗುಡೆ ಮೀನಿನ ಬುಟ್ಟಿ ಹಿಡಿದು ಆಚೆ ಬಿಡಾರದ ಬಾಗಿಲಲ್ಲಿ ನಿಂತದ್ದು ಕಂಡೆ. ಮೀನು ಎತ್ತಿ ತೋರಿಸಿ, ಕತ್ತಿನ ಮೇಲೆ ಕೈಯಾಡಿಸಿ, ಇಲ್ಲ ಎನ್ನುವಂತೆ ತಲೆಯಲ್ಲಾಡಿಸಿದರು. ಮೀನಿಗೆ ಕಲ್ಮಾವೂ ಇಲ್ಲ, ಕತ್ತಿಯ ಏಟೂ ಇಲ್ಲ. ಬಸಂತ ಕೌರಳಿಗೆ ತಿಳಿಯಿತು. ಎರಡು ಕೈಯಲ್ಲಿ ಬುಟ್ಟಿ ತೆಗೆದುಕೊಂಡಳು. ಮೂರು ತಿಂಗಳು ನನ್ನ ತಲೆಗೆ ಬಾರದ್ದು ಅವರಿಗೆ ಹತ್ತು ದಿನದಲ್ಲಿ ಬಂತು. ನೋಡಿ ಸಂತೋಷವಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು.

ದಸರಾ ಕಳೆದು ವಾರದಲ್ಲಿ ಲಾಭ ಸಿಂಗನಿಗೆ ಬೇರೆ ಬಂದರಿಗೆ ಹೋಗಲು ಹುಕುಂ ಬಂತು. ಸ್ಟೇಶನ್ನಿಗೆ ಹೋಗಲು ಕುದುರೆಗಾಡಿ ಬಂದು ನಿಂತಿತ್ತು. ಲಾಭ ಸಿಂಗ್ ಅಮ್ಮನಿಗೆ ಕೈಮುಗಿದ, ಬ್ಯಾರಿಯವರ ಕೈ ಕುಲುಕಿದ, ನನಗೂ ದೂರದಿಂದಲೇ ನಮಸ್ಕಾರ ಮಾಡಿದ. ಗಾಡಿ ಹತ್ತುವ ಮೊದಲು ಬಸಂತ ಕೌರ್ ನನ್ನನ್ನು ಕರೆದಳು. ಆ ಜಗಳದ ಬಳಿಕ ಅವಳು ನನ್ನನ್ನು ಕರೆದದ್ದು ಅದೇ ಮೊದಲು.

"ನಾನು ಇವರಿಗೆ ಒಂದು ಮಾತು ಹೇಳಬೇಕು. ನನಗೆ ಬರುವ ಮಾತು ಸಾಲದು. ಹೇಳಿದ್ದನ್ನು ಹೇಳಿದ ಹಾಗೇ ಹೇಳಿ. ಏನೂ ಬೆರೆಸಬೇಡಿ."

ಸರಿ ಎಂದೆ. ಅವಳು ಐಸಕ್ಕನ ಕಡೆ ತಿರುಗಿ ನಿಧಾನವಾಗಿ ಹೇಳಿದಳು. ನಾನು ಒಂದೊಂದೇ ವಾಕ್ಯವನ್ನು ತುಳುವಿಗೆ ತಂದೆ. "ನನ್ನ ಮಗನ ಕಿವಿಯಲ್ಲಿ ನೀವು ನಿಮ್ಮ ಮಾತು ಹೇಳಿದ್ದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ನಿಮ್ಮ ಪ್ರಾರ್ಥನೆ ನನ್ನದಲ್ಲ. ಆದರೆ ನಿಮ್ಮ ಕೈ ಇಲ್ಲದಿದ್ದರೆ ನಾನು ಈ ಗಾಡಿಯನ್ನು ಬರಿಮಡಿಲಲ್ಲಿ ಹತ್ತಬೇಕಿತ್ತು. ಇದೂ ನಿಜ, ಅದೂ ನಿಜ."

ಐಸಕ್ಕ ಕೇಳಿಸಿಕೊಂಡರು. "ಅವಳಿಗೆ ಹೇಳಿ," ಎಂದರು. "ಅವಳ ಮಗನನ್ನು ನಮ್ಮವನು ಮಾಡ್ಲಿಕ್ಕೆ ನಾನು ಹಾಗೆ ಹೇಳಿದ್ದಲ್ಲ. ಉಸಿರಿಲ್ಲದ ಮಗು ಕೈಯಲ್ಲಿದ್ರೆ ನನಗೆ ಬಾಯಿಗೆ ಬರುದು ಅದೊಂದೇ. ನಾಳೆ ಇನ್ನೊಂದು ಮಗು ಹಾಗೆ ಬಂದ್ರೂ ಅದನ್ನೇ ಹೇಳ್ತೇನೆ. ಅವಳಿಗೆ ಬೇಜಾರಾದ್ರೆ ಆಗ್ಲಿ."

ಅದನ್ನೂ ಹಾಗೆಯೇ ಹೇಳಿದೆ. ಕೊನೆಯ ವಾಕ್ಯಕ್ಕೆ ನಾಲಿಗೆ ತಡವರಿಸಿತು, ಆದರೆ ಬಿಡಲಿಲ್ಲ.

ಬಸಂತ ಕೌರ್ ತಲೆಯಾಡಿಸಿದಳು. ಮಗುವನ್ನು ಐಸಕ್ಕನ ಕೈಗೆ ಕೊಟ್ಟಳು. ಐಸಕ್ಕ ಅದನ್ನು ಎದೆಗವಚಿಕೊಂಡರು. ಅವರ ತುಟಿಗಳು ಬಿಗಿದಿದ್ದವು. ತಾನು ಏನೂ ಹೇಳುತ್ತಿಲ್ಲ ಎಂದು ತಾಯಿಗೆ ಕಾಣಲಿ ಎಂದೇ ಮುಖವನ್ನು ಮೇಲೆತ್ತಿ ಹಿಡಿದಿದ್ದರು. ಆಮೇಲೆ ಮಗುವನ್ನು ಹಿಂದೆ ಕೊಟ್ಟರು.

ಗಾಡಿ ಓಣಿ ದಾಟಿತು. ನನಗೆ ಯಾರಾದರೂ ಏನಾದರೂ ಹೇಳಿಯಾರೆಂದು ನಾನು ಅಂಗಳದಲ್ಲೇ ನಿಂತಿದ್ದೆ. ಐಸಕ್ಕ ಒಳಗೆ ಹೋಗಲು ತಿರುಗಿದವರು ಮೆಟ್ಟಿಲಲ್ಲಿ ನಿಂತರು.

"ಅವಳು ಹೇಳಿದ್ದು ಅಷ್ಟೇನಾ ಟೀಚರೆ?" ಎಂದು ಕೇಳಿದರು. "ನೀವು ಎಂತದೂ ಸೇರಿಸ್ಲಿಲ್ಲ ಅಲ್ವಾ?"

"ಅಷ್ಟೇ ಐಸಕ್ಕ," ಎಂದೆ. "ಒಂದಕ್ಷರವೂ ಸೇರಿಸಲಿಲ್ಲ."

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದರು. ನಂಬಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.